ಬಿಪಿ ಪಟ್ಟಿ ಕಟ್ಟಿ ನೋಡಿದ ಡಾಕ್ಟರಿಗೆ

ನನ್ನ ಮೈ ಅದುರುವುದು ನಿಂತು ಇವತ್ತಿಗೆ ಆರು ತಿಂಗಳು. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಶುರುವಾಗಿದ್ದು ಎಡಗಣ್ಣಿನಿಂದ. ‘ಹೆಣ್ಣುಮಕ್ಕಳಿಗೆ ಎಡಗಣ್ಣು ಅದುರಿದರೆ ಒಳ್ಳೇದು’ ಅಂದರು ಅಮ್ಮ. ಆಮೇಲೆ ಮೀನಖಂಡ, ತೊಡೆ, ತೋಳು. ಚರ್ಮದ ಕೆಳಗೆ ಹುಳ ಹರಿದಾಡಿದ ಹಾಗೆ, ಹಗಲೂ ರಾತ್ರಿ. ಬೋರ್ಡ್ ಮೇಲೆ ಬರೆಯುವಾಗ ಚಾಕ್ ಹಿಡಿದ ಬೆರಳು ಸೆಟೆದುಕೊಳ್ಳುತ್ತಿತ್ತು.

ಮೊದಲ ಡಾಕ್ಟರ್ ಟೆನ್ಷನ್ ಅಂದರು. ಎರಡನೆಯವರು ಕ್ಯಾಲ್ಸಿಯಂ ಮಾತ್ರೆ ಬರೆದರು. ಮೂರನೆಯವರು ನಿದ್ದೆ ಮಾಡಿ, ಕಾಫಿ ಬಿಡಿ ಅಂದರು. ತುಂಬ ಜನರಿಗೆ ಅಷ್ಟರಲ್ಲೇ ಸರಿಹೋಗುತ್ತದೆ, ನಿಜ. ಆದರೆ ಒಬ್ಬರೂ ನನ್ನ ಕಾಲು ಮುಟ್ಟಿ ನೋಡಲಿಲ್ಲ. ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಬರೀ ಎಎಲ್‌ಎಸ್ (ಸ್ನಾಯುಗಳ ಶಕ್ತಿ ಕುಂದುತ್ತಾ ಹೋಗುವ ಮಾರಕ ನರರೋಗ) ಅನ್ನುವ ಹೆಸರು. ಮಗಳ ಪಕ್ಕ ಮಲಗಿ ಸದ್ದಿಲ್ಲದೆ ಅತ್ತಿದ್ದೇನೆ.

ತಂಗಿ, ಮೊದಲು ನಿನಗೆ. ನೀನು ಸುಮ್ನೆ ಸಮಾಧಾನ ಹೇಳಲಿಲ್ಲ, ನನ್ನ ಕಾಲಿನ ವಿಡಿಯೊ ಮಾಡಿಟ್ಟೆ. ಡಾಕ್ಟರ್ ಎದುರು ಕೂತಾಗಲೇ ಅದುರಬೇಕು ಅಂತ ಏನಿಲ್ಲ, ಅಲ್ವಾ?

ನಾಲ್ಕನೆಯವರು ನರರೋಗ ತಜ್ಞೆ. ಆ ವಿಡಿಯೊ ಎರಡು ಸಲ ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ನಾಲಿಗೆ ನೋಡಿದರು, ಮೊಣಕಾಲಿಗೆ ಸುತ್ತಿಗೆ ತಟ್ಟಿದರು. ‘ಶಕ್ತಿ ಕುಂದಿಲ್ಲ, ಸ್ನಾಯು ಸವೆದಿಲ್ಲ. ನೀವು ಹೆದರಿದ ಕಾಯಿಲೆಯ ಲಕ್ಷಣ ಕಾಣಿಸ್ತಿಲ್ಲ’ ಅಂದರು. ಆಮೇಲೆ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮೂರು ನಿಮಿಷ ಹಾಗೇ ಬಿಟ್ಟರು. ಬಳೆ ತೊಡಿಸುವಾಗ ಕೈ ಮಡಚುತ್ತೇವಲ್ಲ, ನನ್ನ ಬೆರಳುಗಳು ತಾವಾಗಿಯೇ ಹಾಗೆ ಕೂಡಿಕೊಂಡು ಮಣಿಕಟ್ಟು ಬಾಗಿತು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ ಕೈ ಹೀಗೆ ಸೆಟೆಯುತ್ತದಂತೆ.

‘ದಿನಾ ಏನೇನು ಮಾತ್ರೆ ತಗೋತೀರಿ?’

ಗ್ಯಾಸ್ಟ್ರಿಕ್ ಮಾತ್ರೆ. ಐದು ವರ್ಷದಿಂದ, ಪ್ರತಿ ಬೆಳಗ್ಗೆ. ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ರಕ್ತದಲ್ಲಿ ಮೆಗ್ನೀಸಿಯಂ ಡೆಸಿಲೀಟರಿಗೆ 0.8 ಮಿಲಿಗ್ರಾಂ ಇತ್ತು. 1.7ರ ಆಸುಪಾಸಿಗಿಂತ ಇಳಿಯಬಾರದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕೆಲವರ ಕರುಳು ಮೆಗ್ನೀಸಿಯಂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಮೆಗ್ನೀಸಿಯಂ ಇಷ್ಟು ಕುಸಿದರೆ ಕ್ಯಾಲ್ಸಿಯಂ ಕೂಡ ಕುಸಿಯುತ್ತದೆ, ಎಷ್ಟು ಕ್ಯಾಲ್ಸಿಯಂ ನುಂಗಿದರೂ ಏರುವುದಿಲ್ಲ. ಹೀಗೇ ಬಿಟ್ಟಿದ್ದರೆ ಫಿಟ್ಸ್ ಬರಬಹುದಿತ್ತು, ಹೃದಯದ ಬಡಿತ ತಪ್ಪಬಹುದಿತ್ತು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ನನಗೂ ಡಾಕ್ಟರೇ ಬದಲಾಯಿಸಿ ಕೊಟ್ಟರು.)

ಮೆಗ್ನೀಸಿಯಂ ಡ್ರಿಪ್ ಹಾಕಿದಾಗ ಮೈಯೆಲ್ಲ ಬಿಸಿಯಾಗಿ ಗಾಬರಿಯಾದೆ. ಆಗ ಕೈ ಹಿಡಿದು ಕೂತು, ಮೆಗ್ನೀಸಿಯಂ ಅತಿಯಾಗಿಲ್ಲ ತಾನೇ ಅಂತ ರಾತ್ರಿಯಿಡೀ ಎದ್ದೆದ್ದು ಬಂದು ಮೊಣಕಾಲು ತಟ್ಟಿ ನೋಡಿದ ನರ್ಸ್, ನಿಮ್ಮ ಋಣ ದೊಡ್ಡದು. ನನ್ನ ಕ್ಲಾಸುಗಳನ್ನೆಲ್ಲ ತೆಗೆದುಕೊಂಡ ಸಹೋದ್ಯೋಗಿಗಳಿಗೂ ವಂದನೆ.

ಡಾಕ್ಟರ್, ಅವತ್ತು ಪಟ್ಟಿ ಬಿಚ್ಚುತ್ತಾ ನೀವು ‘ಇಷ್ಟು ದಿನ ಹೇಗಮ್ಮ ತಡ್ಕೊಂಡ್ರಿ?’ ಅಂದಿರಿ. ನನಗೆ ಅಳು ಬಂದು ಉತ್ತರ ಕೊಡಲಾಗಲಿಲ್ಲ. ಅದನ್ನು ಹೇಳಬೇಕಿತ್ತು.