ಮೂರನೇ ಬಸ್ಸಿನ ಖರ್ಚನ್ನೂ ಬರೆದಿಟ್ಟುಕೋ

ಚಿ. ಸೌ. ಪುಟ್ಟಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಜುಲೈ 1ರಿಂದ ನೀನು ನಿಮ್ಮೂರ ಲಯನ್ಸ್ ಕ್ಲಬ್ಬಿನ ಕಾರ್ಯದರ್ಶಿ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ. ಅಧ್ಯಕ್ಷರ ಹೆಸರು ಫಲಕದ ಮೇಲೆ ಬರುತ್ತದೆ, ಕೆಲಸ ಕಾರ್ಯದರ್ಶಿಯ ತಲೆ ಮೇಲೆ ಬರುತ್ತದೆ. ಇದು ಯಾವ ಊರಿನ ಕ್ಲಬ್ಬಾದರೂ ಒಂದೇ. ಅದಕ್ಕೇ ಈ ಉದ್ದದ ಕಾಗದ.

ಪದಗ್ರಹಣ ಮುಗಿದ ವಾರದಲ್ಲೇ ವರ್ಷದ ಕಾರ್ಯಕ್ರಮಗಳ ಪಟ್ಟಿ ಮಾಡಲು ಕೂರುತ್ತೀರಿ. ಆಗ ಎಲ್ಲರ ಬಾಯಲ್ಲೂ ಒಂದೊಂದು ಶಿಬಿರ ಹುಟ್ಟುತ್ತದೆ. ತಾಲ್ಲೂಕು ಕೇಂದ್ರದ ಕ್ಲಬ್ಬಿನಲ್ಲಿ ಮೂವತ್ತು ಸದಸ್ಯರಿದ್ದರೆ ಭಾನುವಾರ ಬೆಳಗ್ಗೆ ಏಳಕ್ಕೆ ಬಂದು ಕುರ್ಚಿ ಹಾಕುವವರು ಏಳೆಂಟು ಜನ. ಅಷ್ಟು ಜನರಿಂದ ಎಷ್ಟಾಗುತ್ತದೋ ಅಷ್ಟನ್ನೇ ಹಿಡಿ: ಒಂದು ಕಣ್ಣಿನ ಶಿಬಿರ, ಎರಡು ರಕ್ತದಾನ ಶಿಬಿರ, ವರ್ಷವಿಡೀ ನೇತ್ರದಾನದ ಫೋನು. ಪ್ರತಿಯೊಂದಕ್ಕೂ ಶಿಬಿರ ಆದ ಮೇಲಿನ ತಿಂಗಳ ಖರ್ಚನ್ನೂ ಆಳನ್ನೂ ಮೊದಲೇ ಬರೆದಿಡು. ನಮ್ಮ ಕ್ಲಬ್ಬುಗಳು ಸೋಲುವುದು ಅಲ್ಲೇ. ಉದ್ಘಾಟನೆಗೆ ಶಾಮಿಯಾನ ಇರುತ್ತದೆ, ತಿಂಗಳಾದ ಮೇಲೆ ಮುದುಕಿಯನ್ನು ಕನ್ನಡಕದ ಪರೀಕ್ಷೆಗೆ ಕರೆದೊಯ್ಯಲು ಬಸ್ಸು ಇರುವುದಿಲ್ಲ.

ಕಣ್ಣಿನ ಶಿಬಿರದಿಂದಲೇ ಶುರುಮಾಡುತ್ತೇನೆ. 1925ರಲ್ಲಿ ಅಮೆರಿಕದ ಸೀಡರ್ ಪಾಯಿಂಟ್ ಸಮಾವೇಶಕ್ಕೆ ಹೆಲೆನ್ ಕೆಲರ್ ಬಂದು ಕೇಳಿಕೊಂಡ ದಿನದಿಂದ ಲಯನ್ಸಿಗೂ ಕಣ್ಣಿಗೂ ನಂಟು. ನಮ್ಮ ಕಡೆ ಹಿರಿಯರಿಗೆ ಕಣ್ಣಿನ ಶಿಬಿರವೆಂದರೆ ಡಾ. ಎಂ.ಸಿ. ಮೋದಿ ನೆನಪಾಗುತ್ತಾರೆ, ಊರೂರಿಗೆ ಹೋಗಿ ಅಲ್ಲೇ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದ ಕಾಲ ಅದು. ಈಗ ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ನು ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಶಾಲೆಯ ಕೊಠಡಿಯಲ್ಲಿ ಸೋಂಕು ತಡೆಯುವುದು ಕಷ್ಟ, ಸೋಂಕಾದರೆ ಕಣ್ಣೇ ಹೋಗುತ್ತದೆ. ಆದ್ದರಿಂದ ಮೊದಲು ಆಸ್ಪತ್ರೆಯ ಜೊತೆ ಮಾತಾಡು, ಆಮೇಲೆ ದಿನ ಗೊತ್ತುಮಾಡು. ಎಷ್ಟು ಜನರನ್ನು ಒಂದು ಸಲಕ್ಕೆ ಸೇರಿಸಿಕೊಳ್ಳುತ್ತಾರೆ, ಕರೆದೊಯ್ಯುವ ಬಸ್ಸು ಯಾರದು, ಊಟ ಯಾರದು, ಔಷಧ ಎಷ್ಟು ದಿನದ್ದು, ಮರುಪರೀಕ್ಷೆ ಎಲ್ಲಿ, ಈ ಐದನ್ನೂ ಕಾಗದದಲ್ಲಿ ಬರೆಸಿಕೋ. ತಾಲ್ಲೂಕು ಆರೋಗ್ಯಾಧಿಕಾರಿಗೂ ಒಂದು ಪತ್ರ ಕೊಡು.

ನಿಮ್ಮ ಕಡೆ ಮಳೆಗಾಲದಲ್ಲಿ ಹಳ್ಳಿಯ ದಾರಿ ಇರುವುದಿಲ್ಲ, ಅಡಿಕೆ ಕೊಯ್ಲಿನಲ್ಲಿ ಅಜ್ಜ–ಅಜ್ಜಿಯನ್ನು ಕರೆತರಲು ಮನೆಯಲ್ಲಿ ಆಳಿರುವುದಿಲ್ಲ. ಫೆಬ್ರವರಿ–ಮಾರ್ಚ್ ಒಳ್ಳೆಯದು. ‘ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಬಾರದು’, ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎನ್ನುವವರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಎರಡಕ್ಕೂ ಆಧಾರವಿಲ್ಲ. ಪೊರೆ ತೀರಾ ಬಲಿತರೆ ಕಣ್ಣಿನೊಳಗಿನ ಒತ್ತಡ ಏರಿ ಇರುವ ದೃಷ್ಟಿಯೂ ಹೋಗಬಹುದು ಎಂಬುದನ್ನು ಆಶಾ ಕಾರ್ಯಕರ್ತೆಯರ ಬಾಯಿಂದಲೇ ಹೇಳಿಸು. ನಿಮ್ಮ ಕೋಟು ಹಾಕಿಕೊಂಡವರ ಮಾತಿಗಿಂತ ಅವರ ಮಾತು ನಾಟುತ್ತದೆ. ಪ್ರಚಾರಕ್ಕೆ ಫ್ಲೆಕ್ಸ್ ಒಂದು ಸಾಕು. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳಲ್ಲಿ ಚೀಟಿ ಅಂಟಿಸಿ, ಸಂತೆಯ ದಿನ ಆಟೋದಲ್ಲಿ ಮೈಕು ಓಡಿಸಿ.

ತಪಾಸಣೆಯ ದಿನ ಆರು ಮೀಟರ್ ಹಗ್ಗ ಅಳೆದು ನೆಲದ ಮೇಲೆ ಸುಣ್ಣದ ಗೆರೆ ಹಾಕಿಸು. ಅಕ್ಷರ ಬಾರದವರಿಗೆ ನಾಲ್ಕು ದಿಕ್ಕಿಗೆ ಬಾಯಿ ತೆರೆದ ಇಂಗ್ಲಿಷ್ ‘E’ ಚಾರ್ಟ್ ಬೇಕು. ಒಂದು ಕಣ್ಣು ಮುಚ್ಚಿಸುವಾಗ ಬೆರಳ ಸಂದಿಯಿಂದ ನೋಡುವವರು ಬಹಳ, ಅಂಗೈಯಿಂದಲೇ ಮುಚ್ಚಿಸಬೇಕು.

ಇದಕ್ಕಿಂತ ಮುಖ್ಯ ಬಿಪಿ ಮತ್ತು ಸಕ್ಕರೆ. ಬಸ್ಸಿನಲ್ಲಿ ಆಸ್ಪತ್ರೆಗೆ ಹೋದವರಲ್ಲಿ ಆಪರೇಷನ್ ಆಗದೆ ವಾಪಸ್ ಬರುವವರು ಹೆಚ್ಚಾಗಿ ಇವೆರಡರಿಂದಲೇ. ಹಾಗೆ ಒಮ್ಮೆ ತಿರುಗಿ ಬಂದ ಮುದುಕರು ಮತ್ತೆ ಬಸ್ಸು ಹತ್ತುವುದಿಲ್ಲ, ಪಕ್ಕದ ಮನೆಯವರನ್ನೂ ಹತ್ತಗೊಡುವುದಿಲ್ಲ. ತಪಾಸಣೆಗೂ ಆಪರೇಷನ್ನಿಗೂ ನಡುವೆ ಎರಡು ಮೂರು ವಾರ ಬಿಡು. ಹೆಚ್ಚಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಮಾತ್ರೆ ಶುರು ಮಾಡಿಸಿ, ಹೊರಡುವ ವಾರ ಮತ್ತೆ ನೋಡಿಸು. ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನು ಒಂದೂ ಬಿಡದೆ ತರಿಸು. ರಕ್ತ ತೆಳುಮಾಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರೇ ಹೇಳಬೇಕು. ಮೂತ್ರದ ತೊಂದರೆಗೆ ಗಂಡಸರು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಕಣ್ಣಿನ ಪಾಪೆಯನ್ನು ಸಡಿಲ ಮಾಡುತ್ತದೆ. ಸರ್ಜನ್ನರಿಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಎಚ್ಚರಿಕೆ ವಹಿಸುತ್ತಾರೆ. ಆಧಾರ್ ಪ್ರತಿ, ರೇಷನ್ ಕಾರ್ಡು, ಒಂದು ಜೊತೆ ಬಟ್ಟೆ, ಮನೆಯಲ್ಲೇ ಇರುವ ಮಗ ಅಥವಾ ಸೊಸೆಯ ಫೋನ್ ನಂಬರು ಬೇಕು. ಬೆಂಗಳೂರಿನಲ್ಲಿರುವ ಮಗನ ನಂಬರು ಆ ಹೊತ್ತಿಗೆ ಪ್ರಯೋಜನಕ್ಕೆ ಬರುವುದಿಲ್ಲ.

ಬಸ್ಸಿನಲ್ಲಿ ಕ್ಲಬ್ಬಿನವರು ಇಬ್ಬರು ಇರಲಿ, ಒಬ್ಬರು ಹೆಂಗಸಾಗಿರಲಿ. ಹತ್ತುವಾಗ, ಇಳಿಯುವಾಗ, ಮತ್ತೆ ಹತ್ತುವಾಗ ಹೆಸರು ಕೂಗಿ ಎಣಿಸಬೇಕು.

ವಾಪಸ್ ಬಂದ ಮೇಲೆ ಕಣ್ಣಿಗೆ ಹನಿ ಹಾಕುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ದಿನಕ್ಕೆ ಹಾಕುವ ಸಲ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲಿ ಎಡವುವುದು ಹೀಗೆ: ಕೊಟ್ಟ ಬಾಟಲಿ 5 ಎಂಎಲ್. ಕೈ ನಡುಗುವ ಅಜ್ಜಿ ಒಂದು ಹನಿಗೆ ನಾಲ್ಕು ಹನಿ ಕೆನ್ನೆಯ ಮೇಲೆ ಸುರಿಸುತ್ತಾಳೆ. ಎರಡು ವಾರಕ್ಕೆ ಬಾಟಲಿ ಖಾಲಿ, ‘ಔಷಧ ಮುಗಿಯಿತು, ವಾಸಿಯಾಯಿತು’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ಹನಿ ಹಾಕುವವರು ಮನೆಯಲ್ಲಿ ಯಾರೆಂದು ಕೇಳಿ, ಅವರ ಕೈಯಿಂದಲೇ ಒಮ್ಮೆ ನಿಮ್ಮ ಎದುರಿಗೆ ಹಾಕಿಸಿ ನೋಡಿ. ಕೈ ತೊಳೆದು, ಕೆಳರೆಪ್ಪೆ ಮೆಲ್ಲಗೆ ಎಳೆದು, ಬಾಟಲಿಯ ಮೂತಿ ಕಣ್ಣಿಗೆ ತಾಗದಂತೆ ಒಂದೇ ಹನಿ. ಎರಡು ಔಷಧ ಇದ್ದರೆ ನಡುವೆ ಐದು ನಿಮಿಷ. ವೈದ್ಯರು ಹೇಳುವ ತನಕ ತಲೆಗೆ ಸ್ನಾನ ಬೇಡ, ಒಲೆಯ ಹೊಗೆ ಬೇಡ. ನೋವು, ಕೆಂಪು, ಕೀವು, ಇದ್ದ ದೃಷ್ಟಿ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ. ‘ನಾಳೆ ನೋಡೋಣ’ ಎನ್ನುವಂತಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಆಸ್ಪತ್ರೆಯ ಫೋನ್ ನಂಬರು ಕೊಡು.

ಮೊದಲ ಬಸ್ಸು ಆಪರೇಷನ್ನಿಗೆ. ಎರಡನೆಯದು ವಾರದ ಪರೀಕ್ಷೆಗೆ, ಅದಕ್ಕೂ ಜನ ಉತ್ಸಾಹದಿಂದ ಬರುತ್ತಾರೆ. ಮೂರನೆಯದು ತಿಂಗಳು ಒಂದೂವರೆ ತಿಂಗಳಾದ ಮೇಲೆ ಕನ್ನಡಕದ ನಂಬರಿಗೆ. ಅಷ್ಟು ಹೊತ್ತಿಗೆ ಕ್ಲಬ್ಬಿನಲ್ಲಿ ದುಡ್ಡೂ ಉಳಿದಿರುವುದಿಲ್ಲ, ಉತ್ಸಾಹವೂ. ಪೊರೆ ತೆಗೆದ ಕಣ್ಣಿಗೆ ದೂರದ್ದು ಕಂಡರೂ ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಹತ್ತಿರದ ಕನ್ನಡಕ ಬೇಕೇ ಬೇಕು. ಈ ಬಸ್ಸಿನ ಬಾಡಿಗೆಯನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆ. ಕಡಿಮೆ ಬಿದ್ದರೆ ಶಾಲು, ಮೆಮೆಂಟೊ ಕಡಿಮೆ ಮಾಡು.

ಇನ್ನು ರಕ್ತದಾನ. ಎಲ್ಲ ಸಂಘಗಳೂ ಆಗಸ್ಟ್ 15ಕ್ಕೆ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ, ಯಾರದೋ ಹುಟ್ಟುಹಬ್ಬಕ್ಕೆ ಶಿಬಿರ ಇಟ್ಟುಕೊಳ್ಳುತ್ತವೆ. ಒಂದೇ ವಾರದಲ್ಲಿ ರಕ್ತ ರಾಶಿ ಬೀಳುತ್ತದೆ. ಆದರೆ ಸಂಗ್ರಹಿಸಿದ ರಕ್ತ ತಂಪಿನಲ್ಲಿಟ್ಟರೂ ಬಾಳುವುದು 35 ದಿನ, ಬೇರ್ಪಡಿಸಿದ ಕೆಂಪು ಕಣ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್–ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ಆಗ ರಕ್ತನಿಧಿಯ ಫ್ರಿಜ್ಜು ಬರಿದಾಗುತ್ತದೆ. ಒಂದು ಶಿಬಿರವನ್ನು ಏಪ್ರಿಲ್ ಕೊನೆಗೆ ಇಡು, ಇನ್ನೊಂದು ಯಾವಾಗ ಬೇಕೆಂದು ರಕ್ತನಿಧಿಯವರನ್ನೇ ಕೇಳು. ಎಷ್ಟು ಯೂನಿಟ್ ಬೇಕು ಎಂದೂ ಅವರೇ ಹೇಳಲಿ. ‘ದಾಖಲೆಯ ರಕ್ತದಾನ’ ಎಂಬ ಫ್ಲೆಕ್ಸಿನ ಆಸೆಗೆ ಬೀಳಬೇಡ. ಏಕಾದಶಿ, ಶ್ರಾವಣದ ಸೋಮವಾರ, ರಂಜಾನ್ ಉಪವಾಸದ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ನೋಡಿಬಿಡು.

50ರಿಂದ 70 ದಾನಿಗಳಿಗೆ ಮೂರು ಗಂಟೆ ಹಿಡಿಯುತ್ತದೆ, ಒಬ್ಬ ವೈದ್ಯರು, ಇಬ್ಬರು ದಾದಿಯರು, ಮೂವರು ಟೆಕ್ನಿಷಿಯನ್ನರು ಬೇಕು ಎಂದು ನಿಯಮವೇ ಇದೆ. ನೆಲಮಹಡಿಯ ಹಾಲ್, ಫ್ಯಾನು, ನೀರು, ಶೌಚಾಲಯ, ಒಳಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ದಾನಿಗೆ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಗ್ರಾಂ, ಹಿಂದಿನ ದಾನದಿಂದ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಹಚ್ಚೆ ಹಾಕಿಸಿ ವರ್ಷವಾಗದವರು, ಡೆಂಗಿ ವಾಸಿಯಾಗಿ ಆರು ತಿಂಗಳಾಗದವರು, ಹಿಂದಿನ ರಾತ್ರಿ ಕುಡಿದವರು ಬೇಡ. ಇವನ್ನೆಲ್ಲ ಚೀಟಿಯಲ್ಲೇ ಅಚ್ಚು ಹಾಕಿಸಿದರೆ ಸಾಲಿನಲ್ಲಿ ಒಂದು ಗಂಟೆ ನಿಂತು ಸಿಟ್ಟಾಗಿ ಹೋಗುವವರು ಕಡಿಮೆಯಾಗುತ್ತಾರೆ. ರಕ್ತ ಕಡಿಮೆ ಎಂದು ತಿರುಗಿ ಕಳಿಸಿದ ಹುಡುಗಿಯರನ್ನು ಹಾಗೇ ಬಿಡಬೇಡ. ಅವರ ಹಿಮೋಗ್ಲೋಬಿನ್ ಎಷ್ಟೆಂದು ಚೀಟಿಯಲ್ಲಿ ಬರೆಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸು, ಕಬ್ಬಿಣದ ಮಾತ್ರೆ ಅಲ್ಲಿ ಸಿಗುತ್ತದೆ. ಶಿಬಿರದಿಂದ ಅವರಿಗಾದ ಲಾಭ ಅದು.

ಖಾಲಿ ಹೊಟ್ಟೆಯಲ್ಲಿ ಬರುವವರು ಇದ್ದೇ ಇರುತ್ತಾರೆ, ಬಾಗಿಲಲ್ಲೇ ಇಡ್ಲಿಯೋ ಉಪ್ಪಿಟ್ಟೋ ಇರಲಿ. ತಲೆತಿರುಗಿ ಬೀಳುವುದು ಮಂಚದ ಮೇಲಿಗಿಂತ ಎದ್ದು ನಡೆದ ಮೇಲೆ, ಜ್ಯೂಸಿನ ಮೇಜಿನ ಹತ್ತಿರ, ಹೊರಗೆ ಬಿಸಿಲಿಗೆ ಹೋದಾಗ. ಹದಿನೈದು ನಿಮಿಷ ಒರಗು ಕುರ್ಚಿಯಲ್ಲಿ ಕೂರಿಸಿ, ಮುಖ ನೋಡುತ್ತಾ ಇರಲು ಒಬ್ಬರನ್ನು ನೇಮಿಸು. ಬೆವರಿ ಬಿಳಿಚಿಕೊಂಡರೆ ಅಲ್ಲೇ ಮಲಗಿಸಿ ಕಾಲು ಎತ್ತರಿಸಿ ವೈದ್ಯರನ್ನು ಕರೆಯಬೇಕು. ಪ್ರಜ್ಞೆ ಸರಿಯಾಗಿ ಬರುವ ತನಕ ಬಾಯಿಗೆ ಏನೂ ಹಾಕಬಾರದು. ತಕ್ಷಣ ಬೈಕು ಹತ್ತಲು ಬಿಡಬೇಡ.

ಬೆಲೆಬಾಳುವ ಉಡುಗೊರೆ ಕೊಡುವ ಸಲಹೆ ಬಂದೇ ಬರುತ್ತದೆ. ಒಪ್ಪಬೇಡ. ದುಡ್ಡಿಗೆ ರಕ್ತ ಕೊಡುವುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿಯಿಂದ ನಿಷಿದ್ಧ. ಕುಕ್ಕರಿನ ಆಸೆಗೆ ಬಂದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ. ಪರೀಕ್ಷೆಯಲ್ಲಿ ಯಾರಿಗೇನು ಬಂತೆಂದು ರಕ್ತನಿಧಿಯವರು ಆ ವ್ಯಕ್ತಿಗೆ ಮಾತ್ರ ಹೇಳುತ್ತಾರೆ. ಕ್ಲಬ್ಬು ಅದನ್ನು ಕೇಳುವಂತಿಲ್ಲ.

ಇದರ ಜೊತೆ ಒಂದು ಪುಸ್ತಕ ಇಡು: ಹೆಸರು, ಗುಂಪು, ಫೋನು, ಕೊನೆಯ ಸಲ ಕೊಟ್ಟ ದಿನ. ನೆಗೆಟಿವ್ ಗುಂಪಿನವರನ್ನು ಶಿಬಿರದಲ್ಲಿ ಒಟ್ಟಿಗೆ ಕೊಡಿಸಬೇಡ. ಎಲ್ಲರೂ ಒಂದೇ ದಿನ ಕೊಟ್ಟುಬಿಟ್ಟರೆ ಮುಂದಿನ ಮೂರು ತಿಂಗಳು ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಕರೆದರೆ ಬರಲು ತಾಲ್ಲೂಕಿನಲ್ಲಿ ಯಾರೂ ಇರುವುದಿಲ್ಲ.

ನೇತ್ರದಾನಕ್ಕೆ ಬದುಕಿದ್ದಾಗ ಬರೆದುಕೊಡುವ ವಾಗ್ದಾನಪತ್ರಕ್ಕಿಂತ ಸಾವಿನ ಮನೆಗೆ ಹೋಗಿ ಕೇಳುವ ಬಾಯಿ ಮುಖ್ಯ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಎಲ್ಲರಿಗೂ ಗೊತ್ತಿರುವುದರಿಂದ ಮಾತು ತೆಗೆಯುವುದು ಈಗ ಸುಲಭ. ಆ ಮನೆಗೆ ಬೇಕಾದವರೇ ಕೇಳಬೇಕು, ಒಮ್ಮೆ ಮಾತ್ರ ಕೇಳಬೇಕು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಒಪ್ಪಿದ ಕ್ಷಣವೇ ನೇತ್ರನಿಧಿಗೆ ಫೋನು. ತಂಡ ಬರುವ ತನಕ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನು ನಿಲ್ಲಿಸಿರಬೇಕು. ಗಾಳಿಗೆ ಕಣ್ಣು ಒಣಗುತ್ತದೆ. ಸಕ್ಕರೆ ಕಾಯಿಲೆ ಇದ್ದವರೂ, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ ಎಂದು ಮನೆಯ ಹೆಂಗಸರಿಗೆ ಬೇರೆಯಾಗಿ ಹೇಳು.

ಗಿಡ ನೆಡುವುದು, ನೋಟುಬುಕ್ಕು ಹಂಚುವುದು ಬಿಡಲಾಗದು, ಆದರೆ ಚಿಕ್ಕದಾಗಿರಲಿ. ಮಲೆನಾಡಿನಲ್ಲಿ ಜುಲೈನಲ್ಲಿ ಯಾವ ಗಿಡವೂ ಸಾಯುವುದಿಲ್ಲ, ಸಾಯುವುದು ಫೆಬ್ರವರಿಯಲ್ಲಿ. ನೀರು ಹಾಕುವವರ ಹೆಸರು ಸಿಕ್ಕಷ್ಟೇ ಗುಂಡಿ ತೋಡಿಸು. ನೋಟುಬುಕ್ಕು ಜೂನಿನಲ್ಲೇ ಸಿಗಬೇಕು, ಎರಡು ಗೆರೆಯದೋ ನಾಲ್ಕು ಗೆರೆಯದೋ ಎಂದು ಟೀಚರನ್ನು ಕೇಳಿ ತಾ. ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಫೋಟೋ ತೆಗೆಸುವುದು ಬೇಡ.

ದುಡ್ಡಿನ ವಿಷಯ ಖಜಾಂಚಿಯದೆಂದು ಕೈ ತೊಳೆದುಕೊಳ್ಳಬೇಡ. ಆಡಳಿತ ಖಾತೆ, ಸೇವಾ ಖಾತೆ ಎರಡೂ ಬೇರೆ ಬೇರೆ ಇರಬೇಕೆಂಬುದು ಲಯನ್ಸ್ ನಿಯಮ. ಊರವರಿಂದ ಎತ್ತಿದ ಹಣ ಸೇವಾ ಖಾತೆಗೇ ಹೋಗಬೇಕು; ಅದರಲ್ಲಿ ಪದಗ್ರಹಣದ ಊಟ, ಲಯನ್ಸ್ ಜಿಲ್ಲಾ ಗವರ್ನರ್ ಭೇಟಿಯ ಹಾರ ಬರುವಂತಿಲ್ಲ. ‘ಈಗ ತೆಗೆಯೋಣ, ಆಮೇಲೆ ಹಾಕೋಣ’ ಎಂಬ ಮಾತು ಬಂದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತೇನೆ ಎನ್ನು, ಅಲ್ಲಿಗೇ ನಿಲ್ಲುತ್ತದೆ. ತೆರಿಗೆ ವಿನಾಯಿತಿ ಬೇಕೆನ್ನುವ ದಾನಿಗಳಿಂದ ಎರಡು ಸಾವಿರಕ್ಕಿಂತ ಹೆಚ್ಚಿನದನ್ನು ಚೆಕ್ ಅಥವಾ ಆನ್‌ಲೈನಿನಲ್ಲೇ ತೆಗೆದುಕೋ, ನಗದಿಗೆ ವಿನಾಯಿತಿ ಇಲ್ಲ.

ಹಿಂದಿನ ಕಾರ್ಯದರ್ಶಿಯಿಂದ ನಡಾವಳಿ ಪುಸ್ತಕ, ಸೊಸೈಟಿ ನೋಂದಣಿಯ ಕಾಗದ, ಎರಡೂ ಪಾಸ್‌ಬುಕ್ಕು, ಕಳೆದ ಶಿಬಿರದ ರೋಗಿಗಳ ಪಟ್ಟಿ ಈ ವಾರವೇ ಕೇಳಿ ತಂದುಕೋ. ಪಟ್ಟಿಯಲ್ಲಿ ಯಾರಿಗೆ ಕನ್ನಡಕ ಇನ್ನೂ ತಲುಪಿಲ್ಲ ನೋಡಿ ನನಗೆ ಬರೆ. ನಿಮ್ಮ ಅತ್ತೆ–ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ದೊಡ್ಡಪ್ಪ