ಹ್ಯಾನಿಬಲಿಯಾನಸ್ ಮನೆ ಸೇರಿದ ಮೇಲೆ

ಕಳೆದ ತಿಂಗಳು ರೋಮನ್ ರಾಜಕುಮಾರ ಹ್ಯಾನಿಬಲಿಯಾನಸನ ಕಂಚಿನ ನಾಣ್ಯ ನನ್ನ ಕೈಸೇರಿತು. ಸುಮಾರು 15 ಮಿಲಿಮೀಟರ್ ಅಗಲದ ಈ ಪುಟ್ಟ ನಾಣ್ಯದ ಹಿಂಬದಿಯಲ್ಲಿ ಯೂಫ್ರೆಟಿಸ್ ನದಿಯ ದೇವತೆ ಒರಗಿ ಕುಳಿತಿದ್ದಾನೆ. ಇದರೊಂದಿಗೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್, ಅವನ ತಾಯಿ ಹೆಲೆನಾ, ಪತ್ನಿ ಫೌಸ್ಟಾ, ನಾಲ್ವರು ಗಂಡುಮಕ್ಕಳು ಮತ್ತು ಮಲತಮ್ಮನ ಮಕ್ಕಳಾದ ಡೆಲ್ಮೇಷಿಯಸ್ ಹಾಗೂ ಹ್ಯಾನಿಬಲಿಯಾನಸ್, ಹೀಗೆ ನಾನು ಹನ್ನೊಂದು ವರ್ಷಗಳಿಂದ ಒಟ್ಟುಗೂಡಿಸುತ್ತಿದ್ದ ಕುಟುಂಬ ಪೂರ್ಣವಾಯಿತು. ಕ್ರಿ.ಶ. 306ರಲ್ಲಿ ತಂದೆ ತೀರಿಕೊಂಡಾಗ ಸೈನಿಕರು ಕಾನ್‌ಸ್ಟಂಟೈನನನ್ನು ಚಕ್ರವರ್ತಿಯೆಂದು ಘೋಷಿಸಿದ್ದು ನಾನು ವಾಸವಾಗಿರುವ, ಇಂಗ್ಲೆಂಡಿನ ಈ ಯಾರ್ಕ್ ನಗರದಲ್ಲಿಯೇ. ಇಲ್ಲಿನ ದೊಡ್ಡ ಇಗರ್ಜಿಯ ಪಕ್ಕದಲ್ಲಿರುವ ಅವನ ಕಂಚಿನ ಪ್ರತಿಮೆಯನ್ನು ದಿನವೂ ನೋಡುತ್ತ ನಡೆದವನಿಗೆ ಈ ಸಂಗ್ರಹದ ಆಸೆ ಹುಟ್ಟಿದ್ದು ಸಹಜವೇ ಆಗಿತ್ತು.

ಕಳೆದ ವರ್ಷ ನಾನು ಹಾಸಿಗೆ ಹಿಡಿದು ಎಂಥ ಸ್ಥಿತಿಯಲ್ಲಿದ್ದೆ ಎಂಬುದನ್ನು ನೀವೆಲ್ಲ ಬಲ್ಲಿರಿ. ಅದನ್ನು ಮತ್ತೆ ಬರೆಯುವುದಿಲ್ಲ. ಸರದಿಯಂತೆ ಅನ್ನ ಸಾರು ತಂದಿಟ್ಟ ಕನ್ನಡದ ಗೆಳೆಯರಿಗೂ, ನನ್ನನ್ನು ಎಬ್ಬಿಸಿ ನಡೆಸಿದ ದಾದಿಯರಿಗೂ, ಮುಂಗಡ ಕೇಳದೆ ನಾಲ್ಕು ತಿಂಗಳು ಈ ನಾಣ್ಯವನ್ನು ನನಗಾಗಿ ತೆಗೆದಿರಿಸಿದ ವ್ಯಾಪಾರಿಗೂ, ಶುದ್ಧೀಕರಿಸಿದ ನೀರಿನ ಡಬ್ಬಗಳನ್ನು ಹೊತ್ತು ತಂದ ನೆರೆಮನೆಯವರಿಗೂ ನಾನು ಋಣಿ.

ಆದರೆ ಈ ಸಂಗ್ರಹ ಇಂದು ಉಳಿದಿದ್ದರೆ ಅದಕ್ಕೆ ಕಾರಣ ನನ್ನ ಅತ್ತಿಗೆ. ನನ್ನ ಆರೈಕೆಗೆಂದು ಶಿವಮೊಗ್ಗದಿಂದ ಬಂದಿದ್ದ ಅವರು ಅದಕ್ಕೆ ಮೊದಲು ರೋಮನ್ ನಾಣ್ಯವನ್ನು ಕಣ್ಣಿನಿಂದ ಕಂಡವರಲ್ಲ. ಜನವರಿಯ ಒಂದು ರಾತ್ರಿ ಗೋಡೆಯೊಳಗಿನ ನೀರಿನ ಕೊಳವೆ ಒಡೆದು, ನಾಣ್ಯಗಳಿದ್ದ ಮರದ ಪೆಟ್ಟಿಗೆ ಪೂರ್ತಿ ನೆನೆಯಿತು. ಹಳೆಯ ಕಂಚಿನ ಒಳಗೆ ಅಡಗಿರುವ ಕ್ಲೋರೈಡ್ ಎಂಬ ಉಪ್ಪಿನಂಶ ತೇವ ಸಿಕ್ಕಿದೊಡನೆ ಕೆರಳುತ್ತದೆ. ತಿಳಿಹಸಿರು ಪುಡಿಯಾಗಿ ಹೊಮ್ಮಿ ಲೋಹವನ್ನೇ ತಿನ್ನುತ್ತದೆ. ಹಾಸಿಗೆಯಿಂದ ಏಳಲಾಗದ ನಾನು ಮಲಗಿದಲ್ಲಿಂದಲೇ ಹೇಳುತ್ತ ಹೋದೆ. ಅವರು ತಮ್ಮ ಹಳೆಯ ಹತ್ತಿ ಸೀರೆಯನ್ನು ಹರಿದು, ಉಜ್ಜದೆ, ಒತ್ತಿ ಒತ್ತಿ ಒಂದೊಂದೇ ನಾಣ್ಯದ ನೀರನ್ನು ತೆಗೆದರು.

ನಾನು ಹೇಳದಿದ್ದ ಕೆಲಸವೊಂದನ್ನೂ ಅವರು ಮಾಡಿದರು. ಪ್ರತಿ ನಾಣ್ಯದೊಂದಿಗೆ ಒಂದು ಚೀಟಿ ಇತ್ತು. ಕೆಳಅಂಚಿನಲ್ಲಿ ಟಿ.ಆರ್. ಎಂದಿದ್ದರೆ ಟ್ರಿಯರ್, ಎಸ್.ಐ.ಎಸ್. ಎಂದಿದ್ದರೆ ಸಿಸ್ಕಿಯಾ ಎಂದು ಟಂಕಸಾಲೆಯ ಹೆಸರನ್ನು ನಾಣ್ಯವೇ ಹೇಳುತ್ತದೆ. ಅದು ಯಾರ ಸಂಗ್ರಹದಿಂದ ಯಾರ ಕೈಗೆ ಬಂತೆಂಬುದನ್ನು ಮಾತ್ರ ಚೀಟಿಯೇ ಹೇಳಬೇಕು. ಶಾಯಿ ಹರಡಿ ಅಕ್ಷರಗಳು ಮಾಸುತ್ತಿರುವುದನ್ನು ಕಂಡ ಅತ್ತಿಗೆ, ಯಾವ ನಾಣ್ಯಕ್ಕೆ ಯಾವ ಚೀಟಿ ಎಂಬುದು ಕದಲದಂತೆ ಊಟದ ತಟ್ಟೆಗಳಲ್ಲಿ ಜೋಡಿಸಿಟ್ಟು, ಓದಲು ಬಂದಷ್ಟನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿದರು.

ನಡುರಾತ್ರಿ ಕಳೆದ ಮೇಲೆ ನನ್ನ ಧೈರ್ಯ ಕುಸಿಯಿತು. ಎಲ್ಲವನ್ನೂ ಎಸೆದುಬಿಡಿ, ಬದುಕಿದರೆ ತಾನೆ ಇವೆಲ್ಲ ಬೇಕಾಗುವುದು ಎಂದು ಅತ್ತುಬಿಟ್ಟೆ. ನನ್ನ ಮಕ್ಕಳ ಮುಂದೆ ಒಮ್ಮೆಯೂ ಆಡದ ಮಾತನ್ನು ಅವರ ಮುಂದೆ ಆಡಿದೆ. ಅವರು ಸಮಾಧಾನ ಹೇಳಲಿಲ್ಲ. ಕೈಯಲ್ಲಿದ್ದ ನಾಣ್ಯವನ್ನು ದೀಪಕ್ಕೆ ಹಿಡಿದು, "ಎರಡು ಕೂಸು ಎತ್ತಿಕೊಂಡು ನಿಂತಿದ್ದಾಳಲ್ಲ, ಇವಳು ಯಾರು?" ಎಂದು ಕೇಳಿದರು.

ಅದು ಫೌಸ್ಟಾಳ ನಾಣ್ಯ. ನಾನು ಹೇಳತೊಡಗಿದೆ. 324ರಲ್ಲಿ ಕಾನ್‌ಸ್ಟಂಟೈನನಿಗೆ ನೌಕಾಯುದ್ಧ ಗೆದ್ದುಕೊಟ್ಟ ಹಿರಿಯ ಮಗ ಕ್ರಿಸ್ಪಸನನ್ನು 326ರಲ್ಲಿ ತಂದೆಯೇ ಪೋಲಾ ಎಂಬಲ್ಲಿ ಕೊಲ್ಲಿಸಿದ್ದು, ಅದೇ ವರ್ಷ ಮಲತಾಯಿ ಫೌಸ್ಟಾಳೂ ಸತ್ತದ್ದು, ಇಬ್ಬರ ಹೆಸರನ್ನೂ ಶಿಲಾಶಾಸನಗಳಿಂದ ಕೆತ್ತಿ ತೆಗೆದದ್ದು. 337ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಸೈನಿಕರು ಡೆಲ್ಮೇಷಿಯಸ್ ಮತ್ತು ಹ್ಯಾನಿಬಲಿಯಾನಸರನ್ನು ಕೊಂದದ್ದು. ಕಲ್ಲಿನ ಮೇಲಿನ ಹೆಸರನ್ನು ಅಳಿಸಬಹುದಾಗಿತ್ತು, ಸಂತೆಯಲ್ಲಿ ಜನರ ಚೀಲ ಸೇರಿದ್ದ ಕಂಚಿನ ಕಾಸುಗಳನ್ನೆಲ್ಲ ಮರಳಿ ತರಿಸಲಾಗಲಿಲ್ಲ. ಹಾಗಾಗಿಯೇ ಆ ಮುಖಗಳು ನಮ್ಮವರೆಗೆ ಬಂದಿವೆ. ಅತ್ತಿಗೆ ಒರೆಸುತ್ತ ಕೇಳಿದರು, ನಾನು ಹೇಳುತ್ತ ಉಳಿದೆ, ಬೆಳಕು ಹರಿಯಿತು.

ಮೂರು ನಾಣ್ಯಗಳಲ್ಲಿ ಹಸಿರು ಪುಡಿ ಕಾಣಿಸಿಕೊಂಡಿತು; ಎರಡನ್ನು ಉಳಿಸಿಕೊಂಡೆವು. ಈಗ ಎಲ್ಲವೂ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಹೊಸ ಪೆಟ್ಟಿಗೆಯಲ್ಲಿವೆ. ನಾನು ಅವನ್ನು ಪಟ್ಟಕ್ಕೆ ಬಂದ ಕ್ರಮದಲ್ಲಿ ಇಡುತ್ತಿದ್ದೆ. ಊರಿಗೆ ಹೊರಡುವ ಮುನ್ನ ಅತ್ತಿಗೆ ಒಂದನ್ನು ಮಾತ್ರ ಬದಲಿಸಿದರು: "ಈ ಹುಡುಗ ಅವನ ಅಜ್ಜಿಯ ಹತ್ತಿರ ಇರಲಿ" ಎಂದು ಕ್ರಿಸ್ಪಸನನ್ನು ಹೆಲೆನಾಳ ಪಕ್ಕದ ಕುಳಿಯಲ್ಲಿ ಇಟ್ಟರು. ಮೊಮ್ಮಗನ ಸಾವಿನಿಂದ ಹೆಲೆನಾ ಬಹಳ ನೊಂದಳೆಂದು ಪ್ರಾಚೀನ ಇತಿಹಾಸಕಾರ ಜೋಸಿಮಸ್ ಬರೆದಿರುವುದನ್ನು ನಾನು ಅವರಿಗೆ ಹೇಳಿರಲಿಲ್ಲ. ಹ್ಯಾನಿಬಲಿಯಾನಸನನ್ನು ಅವನ ಅಣ್ಣತಮ್ಮಂದಿರ ಸಾಲಿಗೆ ಸೇರಿಸುವಾಗಲೂ ಆ ಎರಡು ನಾಣ್ಯಗಳನ್ನು ನಾನು ಕದಲಿಸಲಿಲ್ಲ.