ಅಂಗಿ ಕಾಲರ್ ಮತ್ತ ನಿನ್ನ ಮಗ

ಯವ್ವಾ,
ಕಲಬುರಗಿಯಿಂದ ನಿನ್ನ ಸ್ವಾದರಮಾವನ ಆಶೀರ್ವಾದ. ನಿನ್ನೆ ಫೋನ್ ಮಾಡಿ ನೀ ಅತ್ತಿದ್ದು ಕೇಳಿ ನಿದ್ದಿನೇ ಬರ್ಲಿಲ್ಲ, ಫೋನಿನ್ಯಾಗ ನಂಗ ಬರೋಬ್ಬರಿ ಮಾತಾಡಕ್ಕ ಬರಂಗಿಲ್ಲ ನಿಂಗ ಗೊತ್ತೇ ಅದ, ಅದಕ್ಕ ಹೇಳ್ಕೋತ ಕುಂತೀನಿ, ಮೊಮ್ಮಗಳು ಟೈಪ್ ಮಾಡ್ಲತ್ತಾಳ.

ಹುಡುಗ ಹಟಮಾರಿ ಆಗ್ಯಾನ, ಸಾಲಿ ಅಂಗಿ ಹಾಕಿದ್ರ ಕಿತ್ತಿ ಒಗೀತಾನ ಅಂದಿ. ಅದು ಹಟ ಇರ್ಲಿಕ್ಕಿಲ್ಲ, ಕೆಲವು ಮಕ್ಕಳಿಗಿ ಮುಟ್ಟಿದ್ದು, ಸದ್ದು, ರುಚಿ ನಮಗಿಂತ ಭಾಳ ಜೋರ್ ಹತ್ತತದ, ಅದಕ್ಕ ಸೆನ್ಸರಿ ತ್ರಾಸ ಅಂತಾರ. ನಲವತ್ತು ವರ್ಷ ಯೂನಿಫಾರ್ಮ್ ಹೊಲ್ದಾಂವ ನಾ, ಅಂಗಿ ಮಾತು ನನ್ನ ಕೇಳು. ಟೆರಿಕಾಟ್ ಕಾಲರಿನ ಒಳಗ ಬಕ್ರಮ್ ಅಂತ ಬಿರುಸು ಅರಿವಿ ಇರ್ತದ, ಹಿಂದ ಲೇಬಲ್, ಅದರ ಮೂಲಿ ಕುತ್ತಿಗಿಗಿ ಚುಚ್ತದ. ನಮಗ ಹತ್ತು ನಿಮಿಷದಾಗ ಮರ್ತು ಹೋಗ್ತದ, ಕೆಲವು ಮಕ್ಕಳ ಮೈಗೆ ಮರಿಯಂಗೇ ಇಲ್ಲ, ಸಾಲಿ ಬಿಡೋತನಕ ಚುಚ್ಕೋತನೇ ಇರ್ತದ. ಅದರ ಮ್ಯಾಲ ನಮ್ ಕಡೀ ಬಿಸಲು, ಬೆವರು. ಟೇಪ್ ಕುತ್ತಿಗಿಗಿ ಹಿಡದ್ರ ಮೈ ಮುದುಡೋ ಹುಡುಗ್ರು ಅಂಗಡಿಗಿ ಭಾಳ ಬರ್ತಿದ್ರು, ಅವರವ್ವಂದ್ರು ಬೆನ್ನಿಗೊಂದು ಕೊಡ್ತಿದ್ರು, ನಾನೂ ನಗ್ತಿದ್ದೆ.

ನಗ್ತಿದ್ದಾಂವಗ ಬರೋಬ್ಬರಿ ಆಯ್ತು. ಶರಣಬಸಪ್ಪನ ಜಾತ್ರಿಗಿ ನಮ್ ಸಣ್ಣಾವಂಗ ಕರ್ಕೊಂಡು ಹೋಗಿದ್ದೆ, ತೇರು ಎಳೀಲಕ್ಕ ಸುರು ಮಾಡಿದ್ರು, ಡೊಳ್ಳು, ಮೈಕು, ಜನಾ ಉತ್ತತ್ತಿ ಬಾಳೆಹಣ್ಣು ತೂರ್ಲತ್ತಿದ್ರು, ಇಂವ ಎರಡೂ ಕಿವಿ ಮುಚ್ಕೊಂಡು ನೆಲಕ್ಕ ಬಿದ್ದು ಒದ್ದಾಡ್ದ. ಎಲ್ಲಾರೂ ನೋಡ್ಲತ್ತಾರಂತ ನಾ ಕಪಾಳಕ್ಕ ಹೊಡ್ದೆ. ಇನ್ನೂ ಜೋರ್ ಆಯ್ತು ಹೊರ್ತು ಕಡಿಮಿ ಆಗ್ಲಿಲ್ಲ. ಹಟ ಇದ್ರ ಬೇಡಿದ್ದು ಕೊಟ್ರ ನಿಲ್ತದ, ಯಾರ್ ನೋಡ್ಲತ್ತಾರ ಅಂತ ಕಣ್ಣು ಆ ಕಡಿ ಈ ಕಡಿ ಹೋಗ್ತದ. ಇದು ಏನ್ ಕೊಟ್ರೂ ನಿಲ್ಲಂಗಿಲ್ಲ. ಆವಾಗ ಬುದ್ಧಿ ಹೇಳ್ಬ್ಯಾಡ, ಮಾತು ಕಡಿಮಿ ಮಾಡಿ ಸದ್ದಿಲ್ಲದ ಜಾಗಕ್ಕ ಎತ್ಕೊಂಡು ಹೋಗು, ಅಷ್ಟೇ.

ಮನ್ಯಾಗ ಮಿಕ್ಸರ್ ಹಚ್ಚಕ್ಕಿಂತ ಮೊದ್ಲು "ಈಗ ಹಚ್ತೀನಪಾ" ಅನ್ನು, ಬೇಕಂದ್ರ ಆಚಿ ಹೋಗ್ಲಿ. ಮೆಲ್ಲಕ ಸವರಿದ್ರ ಕೆಲವರಿಗಿ ಕಚಗುಳಿ ಇಟ್ಟಂಗ ತ್ರಾಸ ಆಗ್ತದ, ಗಟ್ಟಿಯಾಗಿ ಅಪ್ಕೊಂಡ್ರ ಸಮಾಧಾನ, ಆದ್ರ ಅವಂಗ ಕೇಳೇ ಮುಟ್ಟು. ನೀರಿನ ಬಿಂದಿಗಿ ಎತ್ತೋದು, ಹಿಟ್ಟು ನಾದೋದು ಅವನ ಕೈಗೆ ಕೊಡು, ಭಾರದ ಕೆಲಸಕ್ಕ ಕೆಲವು ಮಕ್ಕಳ ಮೈ ತಣ್ಣಗಾಗ್ತದ. ಬದನಿಕಾಯಿ ಪಲ್ಯಾ ಬಾಯಾಗ ತುರುಕಬ್ಯಾಡ, ಖಟಕ್ ರೊಟ್ಟಿ ಶೇಂಗಾ ಹಿಂಡಿ ಕಟಕಟ ತಿಂತಾನಂದ್ರ ತಿನ್ಲಿ. ನಿಮ್ ಅತ್ತಿ ಏನರ ಅಂದ್ರ ನನ್ ಹೆಸರು ಹೇಳು.

ಸಾಲ್ಯಾಗ ಟೀಚರ್ ಮ್ಯಾಲ ಸಿಟ್ಟು ಮಾಡ್ಕೊಂಡು ಹೋಗ್ಬ್ಯಾಡ, ಒಂದು ಚೀಟಿ ಹಿಂಗ ಬರ್ಕೊಂಡು ಹೋಗು: ಗಂಟಿ, ಬಾಗ್ಲ ಎರಡಕ್ಕೂ ದೂರ ಕೂಡಸ್ರಿ, ಪ್ರಾರ್ಥನಿ ಸಾಲಿನ್ಯಾಗ ಕಡೀಗಿ ನಿಲ್ಲಸ್ರಿ, ಹಿಂದಿನ ಹುಡುಗ ಡಿಕ್ಕಿ ಹೊಡಿಯಂಗಿಲ್ಲ. ನೋಟ್‌ಬುಕ್ ಹಂಚೋ ಕೆಲಸ ಕೊಡ್ರಿ, ಎದ್ದು ಅಡ್ಡಾಡಿದಂಗ ಆಗ್ತದ. ಇದಕ್ಕೇನ್ ರೊಕ್ಕ ಬೇಕಾಗಂಗಿಲ್ಲ.

ಡಾಕ್ಟರಿಗಿ ತೋರ್ಸೋದು ಮಾತ್ರ ಬಿಡ್ಬ್ಯಾಡ, ಮೊದ್ಲು ಕಿವಿ ಕಣ್ಣು. ಜಿಲ್ಲಾ ಆಸ್ಪತ್ರಿಯಾಗ ಸರ್ಕಾರ ಮಕ್ಕಳ ಆರೋಗ್ಯ ತಪಾಸಣಿ ಮಾಡೋ ಆರ್‌ಬಿಎಸ್‌ಕೆ ಯೋಜನಿದು ಡಿಇಐಸಿ ಅಂತ ಮಕ್ಕಳ ಬೆಳವಣಿಗಿ ತ್ರಾಸ ನೋಡೋ ವಿಭಾಗ ಇರ್ತದ, 18 ವರ್ಷದತನಕ ಪುಕ್ಕಟಿ ನೋಡ್ತಾರ. ಈ ತ್ರಾಸಕ್ಕ ಡಾಕ್ಟರ್ ಪುಸ್ತಕದಾಗ ಬ್ಯಾರೆ ರೋಗ ಅಂತ ಹೆಸರಿಲ್ಲ. ಅಮೆರಿಕದ ಮನೋವೈದ್ಯರ 2013ರ ಡಿಎಸ್ಎಂ-5 ಅನ್ನೋ ಪುಸ್ತಕದಾಗ ಇದು ಆಟಿಸಂ (ಮಂದಿ ಜೋಡಿ ಬೆರಿಯೋದು, ಮಾತಾಡೋದು ಬ್ಯಾರೆ ಥರಾ ಇರೋ ಬೆಳವಣಿಗಿ) ಲಕ್ಷಣದೊಳಗ ಬಂದದ, ಆದ್ರ ಇದ್ದವರಿಗೆಲ್ಲಾ ಆಟಿಸಂ ಅಂತಲ್ಲ, ಅವರೇ ನೋಡಿ ಹೇಳ್ಬೇಕು. ಆಟಿಸಂ ಅಂತ ಬಂದ್ರ 2016ರ ಅಂಗವಿಕಲರ ಕಾಯ್ದಿ ಅದ, ಅನುಕೂಲ ಮಾಡಿ ಕೊಡೋದು ಸಾಲಿಯವರ ಜವಾಬ್ದಾರಿ. ಫೋನಿನ್ಯಾಗ ನೋಡಿ ತೂಕದ ಚಾದರ, ಮೈ ಉಜ್ಜೋ ಬ್ರಷ್ ಅಂತ ರೊಕ್ಕ ಸುರೀಬ್ಯಾಡ, ಅವಕ್ಕ ಗಟ್ಟಿ ಪುರಾವಿ ಕಡಿಮಿ. ಥೆರಪಿಸ್ಟ್ ಹೇಳಿದ್ರ ಆಮ್ಯಾಲ ನೋಡಮ್.

ಈಗಿನ ಅಂಗಿ ಲೇಬಲ್ ಬ್ಲೇಡಿಂದ ಕೊಯ್ಬ್ಯಾಡ, ಬುಡ ಉಳದ್ರ ಇನ್ನೂ ಚುಚ್ತದ, ಸೂಜಿ ತುದಿಲಿಂದ ಹೊಲಿಗಿ ಒಂದೊಂದೇ ಬಿಚ್ಚು. ಒಳಗ ಹಳೀ ಕಾಟನ್ ಬನಿಯನ್ ಹಾಕು, ಸಾಕ್ಸ್ ಉಲ್ಟಾ ಮಾಡಿ ಹಾಕು, ಬೆರಳಿನ ಹತ್ರ ಇರೋ ಹೊಲಿಗಿ ಹೊರಗ ಬರ್ತದ. ಬಕ್ರಮ್ ಇಲ್ದೆ ಎರಡು ಅಂಗಿ ಹೊಲ್ದು ಕಳಸ್ತೀನಿ, ಯಾದಗಿರಿಗಿ ಬರೋರು ಯಾರರ ಸಿಗ್ತಾರ. ಅವನ ಕುತ್ತಿಗಿ ಅಳತಿ ಬೇಕು, ಟೇಪ್ ಹಿಡೀಬ್ಯಾಡ, ಅವಂಗ ಖುಷಿ ಇರೋ ಹಳೀ ಅಂಗಿ ಅಳದು ಹೇಳು.

ನಿನ್ನ ಮಾಮಾ